ಒಂದೇ ಸಾಲಿನಲ್ಲಿ ಎರಡು ಹೆಸರು

ಮೈಸೂರಿನ ಹಳೆ ಪುಸ್ತಕದ ಅಂಗಡಿಯಲ್ಲಿ ಆ ದಪ್ಪ ಪುಸ್ತಕ ಸಿಕ್ಕಾಗ ನಾವು ಮೊದಲು ತೆರೆದದ್ದು ಕೊನೆಯ ಪುಟಗಳನ್ನು. ಅಲ್ಲಿನ ಹೆಸರುಗಳ ಪಟ್ಟಿಯಲ್ಲಿ ಸಾಬು ಇದ್ದಾನಾ ಎಂದು ನೋಡಬೇಕಿತ್ತು. ಇದ್ದ.

ಸಾಬು ಗೊತ್ತಲ್ಲ? ನಮ್ಮ ಎಚ್.ಡಿ. ಕೋಟೆ ತಾಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. 'ಎಲಿಫೆಂಟ್ ಬಾಯ್' ಸಿನಿಮಾದವರ ಕಣ್ಣಿಗೆ ಬಿದ್ದು ಇಂಗ್ಲೆಂಡಿಗೆ ಹೋದವನು, ಆಮೇಲೆ ಹಾಲಿವುಡ್ ಸೇರಿದವನು. ಅವನ ಬಗ್ಗೆ ಕೆಲವು ವರ್ಷಗಳ ಹಿಂದೆ ಒಂದು ಪತ್ರಿಕೆಗೆ ಅರ್ಧ ಪುಟದ ವರದಿ ಮಾಡಿದ್ದೆವು. ಡಿಪ್ಲೊಮಾ ಓದುವಾಗ ವರದಿಯಲ್ಲಿ 'ನಾನು' ಬರಕೂಡದು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರಿಂದ ನಮಗೆ ಈಗಲೂ 'ನಾವು' ಎಂದೇ ಬರೆಯುವ ಚಟ. ಆದರೆ ಆ ವರದಿಯ ಮಟ್ಟಿಗೆ ನಾವು ನಿಜವಾಗಿಯೂ ಇಬ್ಬರಿದ್ದೆವು. ಇನ್ನೊಬ್ಬ ನಮ್ಮ ಕ್ಯಾಮೆರಾ ಗೆಳೆಯ. ಅವನ ಕಥೆಗೆ ಆಮೇಲೆ ಬರುತ್ತೇವೆ.

ಪುಸ್ತಕ ಮೈಕೆಲ್ ಪೊವೆಲ್ ಎಂಬ ನಿರ್ದೇಶಕನ ಆತ್ಮಕಥೆ, 'ಎ ಲೈಫ್ ಇನ್ ಮೂವೀಸ್'. 1986ರಲ್ಲಿ ಬಂದದ್ದು. ಹತ್ತಿರ ಹತ್ತಿರ 700 ಪುಟ. ಇಂಗ್ಲಿಷ್ ನಮಗೆ ಅಷ್ಟಕ್ಕಷ್ಟೇ, ಮೊಬೈಲ್ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎರಡು ತಿಂಗಳು ಎಳೆದೆವು. ಪೊವೆಲ್ ಇಂಗ್ಲೆಂಡಿನ ಕೆಂಟ್ ಸೀಮೆಯ ರೈತನ ಮಗ. ಬಿಯರ್‌ಗೆ ಹಾಕುವ ಹಾಪ್ಸ್ ಬಳ್ಳಿ ಬೆಳೆಯುವ ಮನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ಅದನ್ನು ಬಿಟ್ಟು ಸಿನಿಮಾಕ್ಕೆ ಬಿದ್ದ.

ಸಾಬು ಇವನ ಸಿನಿಮಾದಲ್ಲಿ ಇದ್ದಾನೆ. 1940ರ 'ದಿ ಥೀಫ್ ಆಫ್ ಬಾಗ್ದಾದ್' ಮಾಡಿದ ಮೂವರು ನಿರ್ದೇಶಕರಲ್ಲಿ ಪೊವೆಲ್ ಒಬ್ಬ. 1947ರ 'ಬ್ಲ್ಯಾಕ್ ನಾರ್ಸಿಸಸ್' ಹಿಮಾಲಯದಲ್ಲಿ ನಡೆಯುವ ಕಥೆ, ಆದರೆ ಒಂದಡಿ ರೀಲನ್ನೂ ಭಾರತದಲ್ಲಿ ತೆಗೆದಿಲ್ಲ. ಬೆಟ್ಟ, ಪ್ರಪಾತ ಎಲ್ಲ ಬಣ್ಣದಲ್ಲಿ ಬರೆದದ್ದು, ಸೆಟ್ಟು ಹಾಕಿದ್ದು ಪೈನ್‌ವುಡ್ ಸ್ಟುಡಿಯೋದಲ್ಲಿ. ಸೆಂಟು ಪೂಸಿಕೊಂಡು ಬರುವ ಯುವರಾಜನ ಪಾತ್ರ ಸಾಬುದು. ಇಡೀ ಹಿಮಾಲಯದ ಕಥೆಯಲ್ಲಿ ಮುಖ್ಯ ನಟರ ಪೈಕಿ ಭಾರತದ ಮಣ್ಣಿನವನು ಎಂದರೆ ನಮ್ಮ ಕಾರಾಪುರದ ಹುಡುಗ.

ಓದುತ್ತಾ ಹೋದಂತೆ ಸಾಬು ಹಿಂದೆ ಸರಿದ. ಮುಂದೆ ಬಂದವನು ಎಮೆರಿಕ್ ಪ್ರೆಸ್‌ಬರ್ಗರ್.

ಇವನು ಹಂಗೇರಿಯ ಯಹೂದಿ. ನಮ್ಮ ಹಾಗೆ ಸ್ವಲ್ಪ ಕಾಲ ಪತ್ರಿಕೆಗೆ ಬರೆದವನು, ಆಮೇಲೆ ಬರ್ಲಿನ್‌ನಲ್ಲಿ ಚಿತ್ರಕಥೆಗಾರ. ಹಿಟ್ಲರ್ ಬಂದ ಮೇಲೆ ಓಡಿ ಪ್ಯಾರಿಸ್, ಅಲ್ಲಿಂದ 1935ರಲ್ಲಿ ಇಂಗ್ಲೆಂಡ್. 'ದಿ ಸ್ಪೈ ಇನ್ ಬ್ಲ್ಯಾಕ್' ಸಿನಿಮಾದ ಮೀಟಿಂಗಿನಲ್ಲಿ ಪೊವೆಲ್ ಇವನನ್ನು ಮೊದಲು ಕಂಡದ್ದು. ಈ ಗಿಡ್ಡ ಮನುಷ್ಯ ಸುರುಳಿ ಸುತ್ತಿದ ಚಿಕ್ಕ ಕಾಗದ ತೆಗೆದು, ಇದ್ದ ಕಥೆಯನ್ನೇ ತಿರುಗಿಸಿ ಹೇಳಿದನಂತೆ. ಪೊವೆಲ್ ಅದನ್ನು ಬರೆದ ರೀತಿ ನೋಡಿದರೆ ಹೆಣ್ಣು ನೋಡಲು ಹೋಗಿ ಮೊದಲ ನೋಟಕ್ಕೇ ಒಪ್ಪಿಕೊಂಡವನ ಹಾಗಿದೆ.

ಇಬ್ಬರೂ ಸೇರಿ 'ದಿ ಆರ್ಚರ್ಸ್' ಎಂಬ ಕಂಪನಿ ಕಟ್ಟಿದರು. ಪರದೆಯ ಮೇಲೆ ಬರೆದವರು, ನಿರ್ಮಿಸಿದವರು, ನಿರ್ದೇಶಿಸಿದವರು ಎಂದು ಒಂದೇ ಸಾಲು, ಅದರಲ್ಲಿ ಇಬ್ಬರ ಹೆಸರು. ಕಥೆ ಹೆಚ್ಚಾಗಿ ಎಮೆರಿಕ್‌ನದು, ಸೆಟ್ಟಿನಲ್ಲಿ ನಿಂತು ನಟರಿಗೆ ಹೇಳಿಕೊಡುತ್ತಿದ್ದವನು ಪೊವೆಲ್. ಆದರೂ ಪಾಲು ಮಾಡಲಿಲ್ಲ.

1943ರ 'ಕರ್ನಲ್ ಬ್ಲಿಂಪ್' ಸಿನಿಮಾವನ್ನು ನಾವು ಮೊಬೈಲಿನಲ್ಲಿ ನೋಡಿದೆವು. ಚರ್ಚಿಲ್ ಈ ಸಿನಿಮಾ ಆಗದಂತೆ ನೋಡಿಕೊಳ್ಳಲು ಯತ್ನಿಸಿದ್ದರು. ಯುದ್ಧ ನಡೆಯುತ್ತಿರುವಾಗಲೇ ಅದರಲ್ಲಿ ಒಬ್ಬ ಒಳ್ಳೆಯ ಜರ್ಮನ್ ಇದ್ದಾನೆ. ಹೆಂಡತಿ ಸತ್ತು, ಮಕ್ಕಳು ನಾಜಿಗಳಾಗಿ, ಮುದುಕನಾದ ಮೇಲೆ ಇಂಗ್ಲೆಂಡಿಗೆ ಬಂದು ಅಧಿಕಾರಿಯ ಮುಂದೆ ಕೂತು ಯಾಕೆ ಬಂದೆ ಎಂದು ಹೇಳುತ್ತಾನೆ. ದನಿ ಏರಿಸುವುದಿಲ್ಲ, ಅಳುವುದೂ ಇಲ್ಲ. ಆ ಮಾತು ಬರೆದ ಎಮೆರಿಕ್ ಆಗ ಸರ್ಕಾರಿ ಲೆಕ್ಕದಲ್ಲಿ ಶತ್ರು ದೇಶದವನು. ಅವನ ತಾಯಿ ಆಮೇಲೆ ಆಶ್ವಿಟ್ಜ್‌ನಲ್ಲಿ ಸತ್ತರು. ಪೊವೆಲ್ ಎಷ್ಟೇ ದೊಡ್ಡ ನಿರ್ದೇಶಕನಾದರೂ ಕೆಂಟ್‌ನ ರೈತನ ಮಗ ಆ ಮಾತು ಬರೆಯಲು ಆಗುತ್ತಿರಲಿಲ್ಲ.

ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆವು. ನಮ್ಮ ಸಾಬು ವರದಿ ನೆನಪಾಯಿತು.

ಕಾರಾಪುರದ ಕಡೆ ಹೋದಾಗ ಹಿರಿಯರು ನಮ್ಮ ಡೈರಿ ಪೆನ್ನು ನೋಡಿ ಬಾಯಿ ಬಿಟ್ಟಿರಲಿಲ್ಲ. ಗೆಳೆಯ ಕ್ಯಾಮೆರಾ ಚೀಲದಲ್ಲಿಟ್ಟು, ಎಲೆ ಅಡಿಕೆ ಹಂಚಿಕೊಂಡು, ಎರಡು ಸಂಜೆ ಕೂತ. ಸಾಬು ಕಥೆಯನ್ನು ಅಪ್ಪನ ಬಾಯಲ್ಲಿ ಕೇಳಿ ಬೆಳೆದ ಒಬ್ಬ ಮುದಿ ಮಾವುತ ಮಾತಾಡಿದ್ದು ಅವನ ಜೊತೆ. ನಾವು ಪಕ್ಕದಲ್ಲಿ ಕೂತು ಬರೆದುಕೊಂಡೆವು, ಅಷ್ಟೆ. ಕಳಿಸುವಾಗ ಮೇಲೆ ನಮ್ಮ ಹೆಸರು ಹಾಕಿ, ಕೆಳಗೆ 'ಚಿತ್ರ' ಎಂದು ಅವನ ಹೆಸರು ಹಾಕಿದೆವು. ಡೆಸ್ಕಿನವರು ಅದನ್ನೂ ಕತ್ತರಿಸಿದರು. ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಊರಲ್ಲಿ ಸನ್ಮಾನ ಮಾಡಿದರು, ಶಾಲು ಹೊದ್ದುಕೊಂಡೆವು. ಅವನು ಜಗಳ ಆಡಲಿಲ್ಲ, ಜೊತೆಗೆ ಬರುವುದನ್ನು ನಿಲ್ಲಿಸಿದ. ಈಗ ಮದುವೆ ವಿಡಿಯೋ ಮಾಡುತ್ತಾನೆ.

ಪೊವೆಲ್ ಎಮೆರಿಕ್ ಕೂಡ 1957ರ ಸಿನಿಮಾದ ನಂತರ ಬೇರೆಯಾದರು, ಆದರೆ ಗೆಳೆತನ ಉಳಿಯಿತು. 1960ರಲ್ಲಿ ಪೊವೆಲ್ ಒಬ್ಬನೇ ಮಾಡಿದ 'ಪೀಪಿಂಗ್ ಟಾಮ್' ಅನ್ನು ವಿಮರ್ಶಕರು ಹರಿದು ಹಾಕಿದರು, ಅಲ್ಲಿಂದ ಕೆಲಸವೇ ಕಮ್ಮಿಯಾಯಿತು. ಅಮೆರಿಕದ ಸ್ಕಾರ್ಸೆಸಿ ಮುಂತಾದವರು ಹುಡುಕಿ ಎತ್ತಿ ಹಿಡಿಯುವವರೆಗೆ ಹಾಗೇ ಇದ್ದ. ಪುಸ್ತಕ ಬರೆಯುವಾಗ ಎಲ್ಲ ನಾನೇ ಮಾಡಿದ್ದು ಎಂದುಬಿಡುವುದು ಸುಲಭವಿತ್ತು. ಎಮೆರಿಕ್ ತನ್ನ ಕಥೆ ತಾನು ಬರೆಯಲಿಲ್ಲ, 1994ರಲ್ಲಿ ಮೊಮ್ಮಗ ಬರೆಯಬೇಕಾಯಿತು. ಪೊವೆಲ್‌ಗೂ ಜಂಭ ಕಮ್ಮಿ ಇರಲಿಲ್ಲ, ಎಷ್ಟೋ ಪುಟಗಳಲ್ಲಿ ಅದು ಕಾಣುತ್ತದೆ. ಆದರೆ ಎಮೆರಿಕ್ ವಿಷಯ ಬಂದಾಗ ಆ ಜಂಭ ತಗ್ಗುತ್ತದೆ.

ಮೊನ್ನೆ ಆ ಹಳೆ ವರದಿಯನ್ನು ಮತ್ತೆ ಟೈಪ್ ಮಾಡಿ, ಮೇಲೆ ಒಂದೇ ಸಾಲಿನಲ್ಲಿ ಇಬ್ಬರ ಹೆಸರು ಹಾಕಿ, ಈ ತಾಣಕ್ಕೆ ಹಾಕಬಹುದಾ ಎಂದು ಅವನಿಗೆ ವಾಟ್ಸಾಪ್ ಮಾಡಿದೆವು. ಎರಡು ದಿನ ಸುದ್ದಿಯಿಲ್ಲ. ಮೂರನೇ ದಿನ ರಾತ್ರಿ, ಯಾವುದೋ ಮದುವೆ ಛತ್ರದಿಂದ ಇರಬೇಕು, ಹಿಂದೆ ವಾಲಗದ ಸದ್ದು, ವಾಯ್ಸ್ ಮೆಸೇಜ್ ಬಂತು.

"ಆ ಮಾವುತನ ವಯಸ್ಸು 78 ಅಲ್ಲ ಮಾರಾಯ, 87. ಅವತ್ತೂ ತಪ್ಪೇ ಬರೆದಿದ್ದೆ. ಸರಿ ಮಾಡಿ ಹಾಕು."