ಕಾಳಿಯ ದಂಡೆಯಲ್ಲಿ ಒಂದು ಗಾಜಿನ ಪೆಟ್ಟಿಗೆ

ಕಾರವಾರದಿಂದ ಕಾಳಿನದಿಯ ಗುಂಟ ಪೂರ್ವಾಭಿಮುಖವಾಗಿ ಕದ್ರಾದ ಕಡೆಗೆ ಹೊರಟವನಿಗೆ ಕಡಲ ಮೊರೆತ ಬಲುಬೇಗ ಹಿಂದುಳಿಯುತ್ತದೆ. ತೆಂಗು, ಗದ್ದೆ, ಹೆಂಚಿನ ಮಾಡು, ಅಂಗಳದ ತುಳಸಿಕಟ್ಟೆ. ನಡುನಡುವೆ ಮರಗಳ ಸಂದಿಯಿಂದ ಇಣುಕುವ ಹೊಳೆ. ಈ ದಾರಿಯಲ್ಲಿ ಸಿಕ್ಕುವ ಊರು ಕಿನ್ನರ. ಹೆಸರು ಕೇಳಿದೊಡನೆ ದೇವಲೋಕದ ಗಾಯಕರು ನೆನಪಾದರೆ ತಪ್ಪೇನಿಲ್ಲ. ಆದರೆ ಇಲ್ಲಿ ನಿತ್ಯ ಕೇಳುವ ಗಾನ ಮಳೆಯದು. ವರ್ಷವೊಂದಕ್ಕೆ ಮೂರು ಸಾವಿರ ಮಿಲಿಮೀಟರಿಗೆ ಸಮೀಪದ ಮಳೆ ಸುರಿಯುವ ಸೀಮೆಯಿದು. ಮೃಗಶಿರೆಯಲ್ಲಿ ಹಿಡಿದ ಮಳೆ ನವರಾತ್ರಿಯವರೆಗೂ ಪೂರ್ತಿ ಬಿಟ್ಟಿತೆಂದು ಹೇಳುವಂತಿಲ್ಲ.

ಇಂಥ ಸೀಮೆಯಲ್ಲಿ ನೆನಪುಗಳನ್ನು ಕಾಪಾಡುವುದು ಹೇಗೆ? ಮನಸ್ಸಿನ ನೆನಪುಗಳ ಮಾತಲ್ಲ. ಕೈಯಲ್ಲಿ ಹಿಡಿಯಬಹುದಾದ ನೆನಪುಗಳ ಮಾತು. ಕಾರವಾರ, ಅಂಕೋಲೆಗಳ ಹಳೆಯ ಮನೆಗಳಲ್ಲಿ ಅಂಥವು ಕಡಿಮೆಯಿಲ್ಲ. ಅಜ್ಜನ ಖಾದಿ ಟೊಪ್ಪಿಗೆ, ಸೆರೆಮನೆಯಿಂದ ಬಂದ ಕಾಗದ, ಸೇನೆಯಲ್ಲಿದ್ದವರ ಪದಕ, ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷವಾದ ೧೯೭೨ರಲ್ಲಿ ಹೋರಾಟಗಾರರಿಗೆ ಸರಕಾರ ಕೊಟ್ಟ ತಾಮ್ರಪತ್ರ. ಇವೆಲ್ಲ ಟ್ರಂಕಿನ ತಳದಲ್ಲಿ ಸೀರೆಗಳ ಅಡಿಗೆ ಮಲಗಿರುವುದನ್ನು ಕಂಡು ಮೊಮ್ಮಕ್ಕಳಿಗೆ ಬೇಸರ. ಚೌಕಟ್ಟು ಹಾಕಿಸಿ, ಗಾಜು ಕೂಡಿಸಿ, ಒಳಗೊಂದು ದೀಪ ಹಚ್ಚಿ ಪಡಸಾಲೆಯ ಗೋಡೆಯ ಮೇಲೆ ಮೆರೆಯಿಸಬೇಕೆಂಬ ಆಸೆ ಸಹಜವಾದದ್ದೇ. ಆಸೆಗೂ ಅಪಾಯಕ್ಕೂ ನಡುವೆ ಇರುವುದು ಒಂದು ಗಾಜಿನಷ್ಟೇ ಅಂತರ.

ಅಂಕೋಲೆಯ ಕಥೆಯನ್ನೇ ನೋಡಬಹುದು. ೧೯೩೦ರ ಏಪ್ರಿಲ್ ೧೩ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಅಂದು ತಯಾರಾದ ಉಪ್ಪಿನ ಮೊದಲ ಪೊಟ್ಟಣವನ್ನು ಹರಾಜಿಗಿಟ್ಟಾಗ ರೇವು ಹೊನ್ನಪ್ಪ ನಾಯಕರು ಅದನ್ನು ೩೦ ರೂಪಾಯಿ ಕೊಟ್ಟು ಕೊಂಡರೆಂಬುದು ಪ್ರಸಿದ್ಧವಾದ ಮಾತು. ಆ ಕಾಲಕ್ಕೆ ಅದೇನು ಸಣ್ಣ ಮೊತ್ತವೆ? ಅಂಥ ಪೊಟ್ಟಣವೊಂದನ್ನು ಚೌಕಟ್ಟಿನಲ್ಲಿಡಬೇಕಾದರೆ ಏನಾದೀತು? ಗಾಳಿಯ ತೇವಾಂಶ ನೂರಕ್ಕೆ ಸುಮಾರು ೭೫ನ್ನು ದಾಟಿತೆಂದರೆ ಉಪ್ಪು ತಾನಾಗಿಯೇ ನೀರು ಹೀರಿ ಕರಗತೊಡಗುತ್ತದೆ. ಆಷಾಢ, ಶ್ರಾವಣಗಳಲ್ಲಿ ಕರಾವಳಿಯ ಗಾಳಿ ಆ ಮಟ್ಟಕ್ಕಿಂತ ಕೆಳಗಿಳಿಯುವುದೇ ಅಪರೂಪ. ಕರಗಿದ ಉಪ್ಪುನೀರು ಪಕ್ಕದ ತಾಮ್ರಪತ್ರವನ್ನು ಮುಟ್ಟಿದರೆ ಹಸಿರು ಕಿಲುಬು ಹಿಡಿಯುತ್ತದೆ. ಕಾಗದಕ್ಕೆ ತಾಗಿದರೆ ಕಲೆಯಾಗುತ್ತದೆ. ಉಪ್ಪನ್ನು ಪುಟ್ಟ ಗಾಜಿನ ಸೀಸೆಯಲ್ಲಿ ತುಂಬಿ, ಮುಚ್ಚಳಕ್ಕೆ ಮೇಣ ಹಾಕಿ ಬೇರೆಯಾಗಿಡುವುದೊಂದೇ ದಾರಿ.

ಕಾರವಾರದ ಕಡಲದಂಡೆಯಲ್ಲಿಯೂ ಇದೇ ಪಾಠ ದೊಡ್ಡ ಪ್ರಮಾಣದಲ್ಲಿ ಕಾಣಸಿಗುತ್ತದೆ. ನೌಕಾಪಡೆಯ ಸೇವೆಯಿಂದ ೨೦೦೫ರಲ್ಲಿ ನಿವೃತ್ತವಾದ ‘ಚಪಲ್’ ಎಂಬ ಕ್ಷಿಪಣಿ ದೋಣಿ ಅಲ್ಲಿ ನೆಲದ ಮೇಲೇರಿ ಸಂಗ್ರಹಾಲಯವಾಯಿತು. ಜೀವಮಾನವಿಡೀ ಉಪ್ಪುನೀರಿನಲ್ಲಿ ಓಡಾಡಿದ ಉಕ್ಕಿನ ಒಡಲಿಗೂ ಉಪ್ಪುಗಾಳಿ ಹಗೆಯೇ. ಉಕ್ಕಿಗೇ ಈ ಗತಿಯಾದರೆ, ರೇಷ್ಮೆಯ ಪಟ್ಟಿಗೆ ಕಟ್ಟಿದ ಪದಕದ ಪಾಡೇನು!

ಇನ್ನು ಪೆಟ್ಟಿಗೆಯ ರಚನೆ. ಆಚಾರಿಗೆ ಮೊದಲು ಹೇಳಬೇಕಾದ ಮಾತು ಆಳದ ಬಗ್ಗೆ. ಭಾವಚಿತ್ರದ ಚೌಕಟ್ಟಿನಂತೆ ಚಪ್ಪಟೆಯಾದರೆ ಸಾಲದು. ಮೂರು ನಾಲ್ಕು ಅಂಗುಲ ಆಳ ಬೇಕು. ವಸ್ತು ಗಾಜನ್ನು ಮುಟ್ಟಲೇಬಾರದು. ಮುಟ್ಟಿದ ಭಾವಚಿತ್ರ ಮೊದಲ ಮಳೆಗಾಲದಲ್ಲೇ ಗಾಜಿಗೆ ಅಂಟಿಕೊಂಡು, ಬಿಡಿಸಹೋದರೆ ಅಜ್ಜನ ಮುಖವೇ ಕಿತ್ತುಬರುತ್ತದೆ. ಚೌಕಟ್ಟಿಗೆ ಚೆನ್ನಾಗಿ ಒಣಗಿದ ಸಾಗುವಾನಿಯೋ ಹಲಸೋ ಸಾಕು. ಕುಮಟೆ, ಹೊನ್ನಾವರಗಳ ಗುಡಿಗಾರರ ಕೆತ್ತನೆ ಸೊಗಸಾದುದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮಾಸಿದ ಒಂದು ಟೊಪ್ಪಿಗೆಗೆ ಕೆತ್ತನೆಯ ಚೌಕಟ್ಟು ಹಾಕಿದರೆ ಕಣ್ಣು ಟೊಪ್ಪಿಗೆಯ ಮೇಲೆ ನಿಲ್ಲುವುದಿಲ್ಲ. ಹಿಂಬದಿಗೆ ಹೊಸ ಪ್ಲೈವುಡ್ ಹಾಕುವುದು ರೂಢಿ. ಅದರಿಂದ ಹೊರಡುವ ಆಮ್ಲದ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಲೋಹವನ್ನೂ ಕಾಗದವನ್ನೂ ಮೆಲ್ಲನೆ ತಿನ್ನುವುದರಿಂದ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿ, ಆಮ್ಲರಹಿತ ರಟ್ಟನ್ನು ಕೂಡಿಸಬೇಕು. ಉಣ್ಣೆಯ ಹಾಸು ಬೇಡ. ಅದರ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ತೊಳೆದು ಗಂಜಿ ಬಿಡಿಸಿದ ಹತ್ತಿಯ ಬಟ್ಟೆ ಲೇಸು.

ಅಂಟಿನ ಮೋಹವನ್ನು ಬಿಡಬೇಕು. ಟೊಪ್ಪಿಗೆಯನ್ನು ಒಳಗೆ ಮೆತ್ತೆಯಿಟ್ಟು ಹತ್ತಿಯ ದಾರದಿಂದ ನಾಲ್ಕು ಹೊಲಿಗೆ ಹಾಕಿದರಾಯಿತು. ಕಾಗದವನ್ನು ನಾಲ್ಕು ಮೂಲೆಗಳಲ್ಲಿ ಕಾಗದದ ಪುಟ್ಟ ಕಿಸೆಗಳಿಂದ ಹಿಡಿಸಬೇಕು. ತಾಮ್ರಪತ್ರವನ್ನು ಹಂಡೆಯಂತೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಗೃಹಿಣಿಯ ಉತ್ಸಾಹ ಮೆಚ್ಚತಕ್ಕದ್ದೇ, ಆದರೆ ಹೊಳಪಿನ ಜೊತೆಗೆ ಅಕ್ಷರವೂ ಸವೆಯುತ್ತದೆ.

ಕೊನೆಗೆ ದೀಪ. ನೋಡುವವನಿಗೆ ಬೆಳಕು ಬೇಕು, ವಸ್ತುವಿಗೆ ಕತ್ತಲೆಯೇ ಹಿತ. ಈ ಜಗಳ ಬಗೆಹರಿಯುವಂಥದ್ದಲ್ಲ. ಹಳೆಯ ಕಾಲದ ಬುರುಡೆ ದೀಪವನ್ನು ಪೆಟ್ಟಿಗೆಯೊಳಗಿಟ್ಟರೆ ಒಳಗಿನ ಗಾಳಿ ಕಾದು ಹೊರಹೋಗಿ, ಆರಿಸಿದಾಗ ತಂಪಾಗಿ ಹೊರಗಿನ ತೇವದ ಗಾಳಿಯನ್ನು ಒಳಸೆಳೆಯುತ್ತದೆ. ಪೆಟ್ಟಿಗೆ ದಿನವೂ ಹೀಗೆ ಉಸಿರಾಡುತ್ತ ಬೂಷ್ಟನ್ನು ಸಾಕುತ್ತದೆ. ಎಲ್‌ಇಡಿ ಪಟ್ಟಿ ಉತ್ತಮ, ಆದರೆ ಅದಕ್ಕೂ ಮೇಲುಗಡೆ ಪ್ರತ್ಯೇಕ ಅಂಕಣವಿರಲಿ. ನಡುವೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ, ೧೨ ವೋಲ್ಟಿನ ಪೂರೈಕೆಯ ಸಾಧನ ಪೆಟ್ಟಿಗೆಯ ಹೊರಗೆ. ಬಟ್ಟೆ, ಕಾಗದಗಳಿಗೆ ೫೦ ಲಕ್ಸ್ ಬೆಳಕೇ ಮಿತಿಯೆಂದು ವಸ್ತುಸಂಗ್ರಹಾಲಯಗಳು ಇಟ್ಟುಕೊಂಡಿರುವ ಅಳತೆ. ಬೆಳಕಿನ ಹಾನಿ ಸಾಲದ ಬಡ್ಡಿಯಂತೆ ಕೂಡುತ್ತಲೇ ಹೋಗುವುದು. ಎಂಟು ಗಂಟೆ ೫೦ ಲಕ್ಸ್ ಉರಿಸಿದರೂ ಒಂದು ಗಂಟೆ ೪೦೦ ಲಕ್ಸ್ ಉರಿಸಿದರೂ ಲೆಕ್ಕ ಒಂದೇ. ಆದ್ದರಿಂದ ನೆಂಟರು ಬಂದಾಗ ಒತ್ತುವ ಗುಂಡಿಯೊಂದನ್ನು ಇಡಿಸುವುದು ಜಾಣತನ.

ಸೆರೆಮನೆಯ ಕಾಗದದ ವಿಷಯದಲ್ಲಿ ಮಾತ್ರ ಮನೆಯಲ್ಲಿ ಎರಡು ಪಕ್ಷವಾಗುವುದುಂಟು. ನಕಲನ್ನು ಗೋಡೆಗೆ ಹಾಕಿ ಮೂಲವನ್ನು ಒಳಗಿಡಿರೆಂದರೆ ಹಿರಿಯರಿಗೆ ಸಮ್ಮತಿಯಿಲ್ಲ. ಅಪ್ಪ ಮುಟ್ಟಿದ ಕಾಗದ ಅದಲ್ಲವಲ್ಲ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಕಾಳಿಯ ದಂಡೆಯವರಿಗೆ ೨೦೧೯ರ ಆಗಸ್ಟ್ ಮರೆತಿರಲಾರದು. ಕದ್ರಾ ಜಲಾಶಯದ ಬಾಗಿಲುಗಳನ್ನು ತೆರೆದಾಗ ಹೊಳೆ ಮನೆಗಳೊಳಕ್ಕೇ ಬಂದಿತು. ನೀರು ಇಳಿದ ಮೇಲೆ ಪಾತ್ರೆಗಳನ್ನು ತೊಳೆದುಕೊಳ್ಳಬಹುದು. ಶಾಯಿ ಹರಡಿದ ಕಾಗದವನ್ನು ಮರಳಿ ಓದುವುದೆಂತು? ಒಂದಕ್ಕೊಂದು ಅಂಟಿದ ಭಾವಚಿತ್ರಗಳನ್ನು ಒಣಗುವ ಮೊದಲೇ ತಣ್ಣನೆಯ ಶುದ್ಧ ನೀರಿನಲ್ಲಿಟ್ಟು ಬಿಡಿಸಬೇಕೆಂಬ ಉಪಾಯವೂ ಎಲ್ಲರಿಗೆ ಸಮಯಕ್ಕೆ ಹೊಳೆಯುವುದಿಲ್ಲ. ನಕಲು ಗೋಡೆಯಲ್ಲಿರಲಿ, ಮೂಲ ಅಟ್ಟದ ಮೇಲಿರಲಿ ಎಂಬ ಪಕ್ಷವೇ ಇಲ್ಲಿ ಗೆಲ್ಲತಕ್ಕದ್ದು.

ತೂಗುಹಾಕಲು ಮಳೆ ಹೊಡೆಯುವ ಪಶ್ಚಿಮದ ಗೋಡೆ ಸಲ್ಲದು, ಒಳಗೋಡೆಯೇ ಸರಿ. ಹಿಂದೆ ಬಿರಡೆಯ ತುಂಡುಗಳನ್ನಿಟ್ಟು ಬೆರಳು ತೂರುವಷ್ಟು ಸಂದು ಬಿಡಬೇಕು. ಹಿಂಬದಿಯ ಗುಪ್ತ ಅರೆಯಲ್ಲಿ ಸಿಲಿಕಾ ಜೆಲ್ಲಿನ ಹರಳುಗಳು. ದೀಪಾವಳಿ ಕಳೆದು ಗಾಳಿ ಒಣಗಿದಾಗ ತಿರುಪುಗಳನ್ನು ಬಿಚ್ಚಿ, ಬಣ್ಣ ಬದಲಿಸಿದ ಹರಳುಗಳನ್ನು ಹೊರತೆಗೆದು ಮಂದ ಉರಿಯಲ್ಲಿ ಬಿಸಿ ಮಾಡಿದರೆ ಅವು ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತವೆ. ಆರಿದ ಮೇಲೆ ಅರೆಯಲ್ಲಿ ತುಂಬಿ ಮುಂದಿನ ಮಳೆಗಾಲಕ್ಕೆ ಮುಚ್ಚುವುದು.