ಚಗಳಿಯ ವೇಷ ತೊಟ್ಟ ಜೇಡ

ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಮಾವಿನ ಮರ ಹತ್ತಿದವರಿಗೆ ಚಗಳಿ ಇರುವೆಯನ್ನು ಪರಿಚಯಿಸಬೇಕಾಗಿಲ್ಲ. ಎಲೆಗಳನ್ನು ಹೆಣೆದು ಗೂಡು ಕಟ್ಟುವ ಈ ಕೆಂಪಿರುವೆ, ಕಚ್ಚಿದ ಜಾಗಕ್ಕೆ ಉರಿಯುವ ಆಮ್ಲವನ್ನೂ ಸಿಂಪಡಿಸುತ್ತದೆ. ಒಂದನ್ನು ಕೆಣಕಿದರೆ ನೂರು ಮುತ್ತುತ್ತವೆ. ಆದುದರಿಂದ ಅನೇಕ ಪ್ರಾಣಿಗಳು ಅದರ ತಂಟೆಗೆ ಹೋಗುವುದಿಲ್ಲ.

ಆ ಸಾಲಿನಿಂದ ತುಸು ದೂರದಲ್ಲಿ ಒಂಟಿಯಾಗಿ ಅಲೆಯುವ ಇರುವೆಯೊಂದು ಕಂಡರೆ ಅದರ ಕಾಲುಗಳನ್ನು ಎಣಿಸಿ ನೋಡಿ. ಎಂಟಿದ್ದರೆ ಅದು ಇರುವೆಯಲ್ಲ. ನೆಗೆದು ಬೇಟೆಯಾಡುವ ಜೇಡರ ಕುಲಕ್ಕೆ ಸೇರಿದ ಜೀವಿ. ಇಂದು ಮಿರ್ಮಪ್ಲಾಟಾ ಪ್ಲಾಟಲಿಯಾಯ್ಡಿಸ್ ಎನ್ನಲಾಗುವ ಈ ಜೇಡವನ್ನು 1869ರಲ್ಲಿ ಮೊದಲು ವರ್ಣಿಸಿದವರು ಇಂಗ್ಲೆಂಡಿನ ಬ್ಲಾಕ್ಸ್‌ವರ್ತ್ ಹಳ್ಳಿಯ ಧರ್ಮಗುರು ಆಕ್ಟೇವಿಯಸ್ ಪಿಕಾರ್ಡ್-ಕೇಂಬ್ರಿಜ್.

ಅದರ ವೇಷ ಪರಿಪೂರ್ಣವಾದುದು. ಸಪುರವಾದ ನಡು, ಇರುವೆಯ ಕಣ್ಣುಗಳಂತೆ ತೋರುವ ಕಪ್ಪು ಚುಕ್ಕೆಗಳು, ಮೀಸೆಯಂತೆ ಎತ್ತಿ ಆಡಿಸುವ ಮುಂಗಾಲುಗಳು! ಆದರೆ ಚಗಳಿಯೇ ಹತ್ತಿರ ಬಂದರೆ ಈ ಜೇಡ ದೂರ ಸರಿಯುತ್ತದೆ. ಹಾದಿ ಕಟ್ಟಿದರೆ ನೂಲೆಳೆ ಹಿಡಿದು ಕೆಳಕ್ಕೆ ಧುಮುಕುತ್ತದೆ. ಲೋಕ ಅಂಜುವ ರೂಪವನ್ನು ಧರಿಸಿದ ಆ ಜೀವಿ, ಆ ರೂಪದ ನಿಜವಾದ ಒಡೆಯನಿಗೆ ತಾನೇ ಅಂಜುತ್ತದೆ.

ಈ ವೇಷಕ್ಕೆ ತೆರಬೇಕಾದ ಬೆಲೆಯೂ ಉಂಟು. ಗಂಡು ಜೇಡದ ದವಡೆಗಳು ಬಹಳ ಉದ್ದ. ನೋಡುವವರಿಗೆ ಅದು ಬಾಯಲ್ಲಿ ಹೊರೆ ಕಚ್ಚಿಕೊಂಡ ಇರುವೆಯಂತೆ ಕಾಣುತ್ತದೆ. ಬಾಯಿ ತುಂಬಿದ ಇರುವೆ ಕಚ್ಚಲಾರದು. ಅಂಥವನ್ನೇ ಆರಿಸಿ ಹಿಡಿಯುವ ಬೇಟೆಗಾರ ಜೇಡಗಳು ಈ ಗಂಡಿನ ಮೇಲೂ ಎರಗುತ್ತವೆ. ಕಾಯಬೇಕಾದ ವೇಷವೇ ಅಪಾಯವನ್ನು ಕರೆತರುತ್ತದೆ.

ಇದನ್ನು ಓದಿ ತಿಳಿದಾಗ ನನಗೆ ನೆನಪಾದವರು ನನ್ನ ಅಜ್ಜಿ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಅವರು ಮೂವರು ಮಕ್ಕಳನ್ನು ಸಾಕಬೇಕಿತ್ತು, ತುಂಡು ತೋಟವನ್ನು ಉಳಿಸಿಕೊಳ್ಳಬೇಕಿತ್ತು. ಅವರ ಬಾಯಿಗೆ ಊರೇ ಹೆದರುತ್ತಿತ್ತು. "ಮೆತ್ತಗಿದ್ದಿದ್ದರೆ ನಮ್ಮನ್ನು ಬದುಕಗೊಡುತ್ತಿರಲಿಲ್ಲ ಮಗಾ" ಎಂದು ಒಮ್ಮೆ ಹೇಳಿದ್ದರು. ತೋಟ ಉಳಿಯಿತು, ಮಕ್ಕಳೂ ದಡ ಸೇರಿದರು. ಆದರೆ ಅವರು ಹಾಸಿಗೆ ಹಿಡಿದಾಗ ಅಂಗಳ ದಾಟಿ ಬಂದ ನೆರೆಯವರು ಇಬ್ಬರೇ. ಅಷ್ಟು ಗಟ್ಟಿ ಹೆಂಗಸಿಗೆ ಯಾರ ನೆರವು ಬೇಕೆಂದು ಉಳಿದವರು ಭಾವಿಸಿದ್ದರು.

ಜೇಡದ ವೇಷವನ್ನು ನಾವು ವಂಚನೆ ಎನ್ನುವುದಿಲ್ಲ, ಆಸರೆ ಎನ್ನುತ್ತೇವೆ. ಬಿರುಸು ಮಾತಿನ ನೆರೆಯವರ ವಿಷಯದಲ್ಲಿಯೂ ಅಷ್ಟೇ ತಾಳ್ಮೆ ನಮಗೆ ಸಾಧ್ಯವಾಗಬಾರದೇ? ಜೇಡಕ್ಕೆ ತನ್ನ ವೇಷವನ್ನು ಕಳಚಲಾಗದು. ಮನುಷ್ಯರಿಗೆ ಸಾಧ್ಯವಿದೆ, ಹೆದರದೆ ಹತ್ತಿರ ಕುಳಿತುಕೊಳ್ಳುವವರೊಬ್ಬರು ಇದ್ದರೆ.