ಬೀಗ ತೆರೆದ ಮರ್ರೇ ಹಿಲ್

ನ್ಯೂಯಾರ್ಕಿನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ ಸಾಗಿದರೆ ನ್ಯೂಜೆರ್ಸಿ ರಾಜ್ಯದ ಮರ್ರೇ ಹಿಲ್ ಸಿಗುತ್ತದೆ. ಮರಗಳ ನಡುವೆ ಹರಡಿಕೊಂಡಿರುವ ವಿಶಾಲ ಕಟ್ಟಡಗಳೇ ಜಗತ್ಪ್ರಸಿದ್ಧ ಬೆಲ್ ಪ್ರಯೋಗಾಲಯ. ಅಲ್ಲಿನ ಓಣಿಗಳನ್ನು ಬೇಕೆಂದೇ ಉದ್ದವಾಗಿ ಕಟ್ಟಿದ್ದಾರೆ. ಬೇರೆ ಬೇರೆ ಶಾಸ್ತ್ರಗಳ ವಿಜ್ಞಾನಿಗಳು ನಡೆದಾಡುವಾಗ ಪರಸ್ಪರ ಭೇಟಿಯಾಗಲಿ ಎಂಬುದು ಉದ್ದೇಶ.

1947ರ ಡಿಸೆಂಬರಿನಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೇನ್ ಇಲ್ಲಿ ಮೊದಲ ಟ್ರಾನ್ಸಿಸ್ಟರ್ ರಚಿಸಿದರು. ಜರ್ಮೇನಿಯಂ ತುಣುಕಿಗೆ ಚಿನ್ನದ ಎರಡು ತುದಿಗಳನ್ನು ತಾಗಿಸಿದಾಗ ಕ್ಷೀಣ ವಿದ್ಯುತ್ ಸಂಕೇತ ಬಲಗೊಂಡಿತು. ತಂಡದ ಮುಖ್ಯಸ್ಥ ವಿಲಿಯಂ ಶಾಕ್ಲಿಯೊಡನೆ ಇವರಿಬ್ಬರಿಗೂ 1956ರ ನೊಬೆಲ್ ಬಹುಮಾನ ಬಂದಿತು.

ಅದೇ ವರ್ಷದ ಇನ್ನೊಂದು ಘಟನೆ ಪಠ್ಯಪುಸ್ತಕಗಳಲ್ಲಿ ಕಾಣಸಿಗುವುದು ಅಪರೂಪ. ಪ್ರಯೋಗಾಲಯವು ಎ.ಟಿ. ಅಂಡ್ ಟಿ. ದೂರವಾಣಿ ಸಂಸ್ಥೆಗೆ ಸೇರಿತ್ತು. ತಂತಿಜಾಲ ಅದರದೇ, ಉಪಕರಣ ತಯಾರಿಸುವ ಕಾರ್ಖಾನೆಯೂ ಅದರದೇ. ಹೀಗಾದರೆ ಸ್ಪರ್ಧೆಗೆ ಎಡೆಯೆಲ್ಲಿ ಎಂದು ಅಮೆರಿಕ ಸರ್ಕಾರ ಏಕಸ್ವಾಮ್ಯ ವಿರೋಧಿ ಕಾನೂನಿನನ್ವಯ 1949ರಲ್ಲಿ ಮೊಕದ್ದಮೆ ಹೂಡಿತ್ತು. 1956ರ ಜನವರಿಯಲ್ಲಿ ರಾಜಿಯಾಯಿತು. ಸಂಸ್ಥೆ ಒಡೆಯದೆ ಉಳಿಯಿತು. ಪ್ರತಿಯಾಗಿ 7,500ಕ್ಕೂ ಹೆಚ್ಚು ಪೇಟೆಂಟುಗಳನ್ನು ಅಮೆರಿಕದ ಇತರ ಕಂಪನಿಗಳು, ಕೆಲವು ದೈತ್ಯರ ಹೊರತು, ರಾಯಧನವಿಲ್ಲದೆ ಬಳಸಲು ಬಿಡಬೇಕಾಯಿತು. ದೂರಸಂಪರ್ಕ ಬಿಟ್ಟು ಬೇರೆ ವ್ಯಾಪಾರಕ್ಕೆ ಕೈಹಾಕದಂತೆಯೂ ನಿರ್ಬಂಧ ಬಿತ್ತು.

ಬೀಗ ತೆರೆದಾಗ ಹೊಸಬರಿಗೆ ದಾರಿ ಸಲೀಸಾಯಿತು. ಶಾಕ್ಲಿ ಕ್ಯಾಲಿಫೋರ್ನಿಯಕ್ಕೆ ಹೋಗಿ ಕಂಪನಿ ತೆರೆದರು. ಅವರನ್ನು ತೊರೆದ ಎಂಟು ಮಂದಿ 1957ರಲ್ಲಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಸ್ಥಾಪಿಸಿದರು. ಆ ಎಂಟರಲ್ಲಿ ಇಬ್ಬರು, ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್, 1968ರಲ್ಲಿ ಇಂಟೆಲ್ ಕಟ್ಟಿದರು. ಆರ್ಥರ್ ರಾಕ್ ಎಂಬವರು ಅದಕ್ಕೆ 25 ಲಕ್ಷ ಡಾಲರ್ ಬಂಡವಾಳ ಕೂಡಿಸಿಕೊಟ್ಟರು. ಬುದ್ಧಿ ಇದ್ದರಷ್ಟೇ ಸಾಲದು, ಅದರ ಮೇಲೆ ಹಣ ಹೂಡುವವರಿಗೆ ದಾರಿ ತೆರೆದಿದೆಯೆಂಬ ಭರವಸೆಯೂ ಬೇಕು.

ದೊಡ್ಡ ಕಂಪನಿ ಒಡೆದರೆ ಷೇರುದಾರರ ಗತಿಯೇನು? ಎರಡನೆಯ ಮೊಕದ್ದಮೆಯ ಫಲವಾಗಿ 1984ರ ಜನವರಿ 1ರಂದು ಎ.ಟಿ. ಅಂಡ್ ಟಿ.ಯಿಂದ ಏಳು ಪ್ರಾದೇಶಿಕ ಕಂಪನಿಗಳು ಬೇರೆಯಾದವು. ಹತ್ತು ಹಳೆಯ ಷೇರು ಉಳ್ಳವರಿಗೆ ಅವು ಕೈತಪ್ಪಲಿಲ್ಲ. ಜತೆಗೆ ಏಳೂ ಕಂಪನಿಗಳ ತಲಾ ಒಂದು ಷೇರು ದೊರೆಯಿತು.

ಪ್ರಯೋಗಾಲಯ 2016ರಲ್ಲಿ ನೋಕಿಯ ಒಡೆತನಕ್ಕೆ ಬಂದಿತು. ಅದನ್ನು ನ್ಯೂ ಬ್ರನ್ಸ್‌ವಿಕ್ ನಗರಕ್ಕೆ ಸಾಗಿಸುವುದಾಗಿ ಆ ಕಂಪನಿ 2023ರಲ್ಲಿ ಪ್ರಕಟಿಸಿತು. ಮರ್ರೇ ಹಿಲ್‌ನ ಉದ್ದನೆಯ ಓಣಿಗಳನ್ನು ಕಾಣಬಯಸುವ ವಿದ್ಯಾರ್ಥಿ ಟ್ರಾನ್ಸಿಸ್ಟರಿನ ಕಥೆಯ ಜತೆಗೆ ಆ ರಾಜಿಪತ್ರದ ಕಥೆಯನ್ನೂ ಓದಿಕೊಂಡು ಹೋಗುವುದು ಒಳ್ಳೆಯದು.